ದೋಸೆಯಂಥ ಕೋಶ, ಇಡ್ಲಿಯಂಥ ಕೋಶ

ಕಾಲಿಗೆ ಮುಳ್ಳು ಚುಚ್ಚಿ ಕೀವಾದರೆ ತೊಡೆಸಂದಿಯಲ್ಲಿ ಗಡ್ಡೆ ಕಟ್ಟುತ್ತದೆ. ಗಾಯ ಒಂದು ಕಡೆ, ಗಡ್ಡೆ ಇನ್ನೊಂದು ಕಡೆ! ಅಲ್ಲಿ ಊದಿಕೊಂಡಿರುವುದು ದುಗ್ಧರಸ ಗ್ರಂಥಿ. ಡಾಕ್ಟರು ಲಿಂಫ್ ನೋಡ್ ಅನ್ನುವುದು ಇದನ್ನೇ. ಗಾಯದ ಕಡೆಯಿಂದ ದುಗ್ಧರಸ, ಅಂದರೆ ಅಂಗಾಂಶಗಳಿಂದ ಹರಿದು ಬರುವ ತಿಳಿ ದ್ರವ, ಹೊತ್ತು ತಂದ ರೋಗಾಣುವಿನ ಚೂರುಗಳನ್ನು ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಇಲ್ಲಿ ಪರೀಕ್ಷಿಸುತ್ತವೆ. ಆದರೆ ಈ ಕಣಗಳಲ್ಲಿ ಹೆಚ್ಚಿನವು ಬರುವುದು ರಕ್ತದಿಂದ. ಮುಚ್ಚಿದ ನಾಳದಿಂದ ಅವು ಆಚೆ ಬರುವುದು ಹೇಗೆ?

ಗ್ರಂಥಿ ನೋಡೋಕೆ ಅವರೆಕಾಳಿನ ಹಾಗಿದೆ. ಒಂದು ಮಗ್ಗುಲಲ್ಲಿ ತಗ್ಗು. ಅಪಧಮನಿ ಅಲ್ಲಿಂದ ಒಳಹೊಕ್ಕು, ಕವಲೊಡೆದು ಲೋಮನಾಳಗಳಾಗುತ್ತದೆ. ಇಲ್ಲಿಯವರೆಗೆ ವಿಶೇಷವೇನಿಲ್ಲ. ಅದರಾಚೆಯ ಸಣ್ಣ ಸಿರೆಗಳನ್ನು ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಬೇರೆ ಕಡೆ ರಕ್ತನಾಳದ ಒಳಪದರದ ಕೋಶಗಳು ದೋಸೆಯ ಹಾಗೆ ಚಪ್ಪಟೆ. ಇಲ್ಲಿ ಇಡ್ಲಿಯ ಹಾಗೆ ಉಬ್ಬಿಕೊಂಡಿವೆ. ಈ ಸಣ್ಣ ಸಿರೆಗಳ ಹೆಸರು ಹೈ ಎಂಡೋಥೀಲಿಯಲ್ ವೆನ್ಯೂಲ್. ಹೆಸರಿನ 'ಹೈ' ಅಂದರೆ ಕೋಶಗಳ ಎತ್ತರ, ಅಷ್ಟೇ.

ಲಿಂಫೋಸೈಟುಗಳು ನುಸುಳುವುದು ಇಲ್ಲೇ ಎಂದು 1964ರಲ್ಲಿ ವಿಜ್ಞಾನಿಗಳಾದ ಜೇಮ್ಸ್ ಗೋವನ್ಸ್ ಮತ್ತು ಜೂಲಿ ನೈಟ್ ಇಲಿಗಳಲ್ಲಿ ತೋರಿಸಿದರು. ಉಬ್ಬಿದ ಕೋಶಗಳ ಮೈಮೇಲೆ ಸಕ್ಕರೆ ಅಂಟಿದ ಪ್ರೋಟೀನುಗಳಿವೆ. ಲಿಂಫೋಸೈಟಿನ ಮೇಲಿನ ಎಲ್-ಸೆಲೆಕ್ಟಿನ್ ಎಂಬ ಕೊಕ್ಕೆ ಅವಕ್ಕೆ ತಗುಲಿಕೊಂಡು ಬಿಡುತ್ತ, ತಗುಲಿಕೊಂಡು ಬಿಡುತ್ತ ಹೋಗುತ್ತದೆ. ಕಣ ಉರುಳುತ್ತ ನಿಧಾನವಾಗುತ್ತದೆ. ಗೋಡೆಯ ಮೇಲಿನ ಸಿಸಿಎಲ್21 ಎಂಬ ಪ್ರೋಟೀನಿನ ಸುಳಿವು ಸಿಕ್ಕಿತೋ, ಗಟ್ಟಿಯಾಗಿ ಅಂಟಿ ನಿಂತು ಗೋಡೆ ದಾಟುತ್ತದೆ. ಕೆಂಪು ಕಣಗಳಿಗೆ ಆ ಕೊಕ್ಕೆ ಇಲ್ಲ, ಸುಮ್ನೆ ಹರಿದು ಹೋಗುತ್ತವೆ.

ಹೀಗೆ ಹಗಲೂ ರಾತ್ರಿ ದಾಟುತ್ತಿದ್ದರೆ ರಕ್ತ ಸೋರಬೇಕಲ್ವಾ? ನನಗೆ ಜಾಸ್ತಿ ಮಜಾ ಅನ್ನಿಸಿದ್ದು ಇದೇ. ಗೋಡೆಗೆ ಹೊರಗಿನಿಂದ ಆಸರೆ ಕೊಡುವ ಕೋಶಗಳಲ್ಲಿ ಪೊಡೊಪ್ಲಾನಿನ್ ಎಂಬ ಪ್ರೋಟೀನ್ ಇದೆ. ಸಂದಿಯಲ್ಲಿ ತಪ್ಪಿಸಿಕೊಂಡ ಪ್ಲೇಟ್‌ಲೆಟ್ ಅದಕ್ಕೆ ತಾಗಿದ ಕೂಡಲೇ ಎಸ್1ಪಿ ಎಂಬ ವಸ್ತುವನ್ನು ಬಿಡುತ್ತದೆ. ಆಗ ಗೋಡೆಯ ಕೋಶಗಳ ನಡುವಿನ ಬೆಸುಗೆ ಬಿಗಿಯಾಗುತ್ತದೆ. ಪೊಡೊಪ್ಲಾನಿನ್ ಇಲ್ಲದಂತೆ ಮಾಡಿದ ಇಲಿಗಳ ಗ್ರಂಥಿಯೊಳಗೆ ರಕ್ತ ಸೋರಿದ್ದು 2013ರಲ್ಲಿ ಪ್ರಕಟವಾಯಿತು.

ಇನ್ನೊಂದು ಮಾತು. ಒಳಪದರದ ಕೋಶಗಳ ಈ ಉಬ್ಬು ಹುಟ್ಟಿನಿಂದ ಬಂದ ಆಸ್ತಿಯಲ್ಲ. ಗ್ರಂಥಿಗೆ ದುಗ್ಧರಸ ತರುವ ನಾಳಗಳನ್ನು ಕತ್ತರಿಸಿದರೆ, ದಿನ ಕಳೆದಂತೆ ಅವೂ ಚಪ್ಪಟೆಯಾಗುತ್ತವೆ. ಒಳಬರುವ ಕಣಗಳೂ ಕಡಿಮೆಯಾಗುತ್ತವೆ.

ಸೋಂಕು ತಗಲಿದಾಗ ಇದರ ತದ್ವಿರುದ್ಧ. ಗ್ರಂಥಿಗೆ ರಕ್ತ ಜಾಸ್ತಿ ಹರಿಯುತ್ತದೆ, ಕಣಗಳು ನುಗ್ಗುತ್ತವೆ. ಹೊರಹೋಗುವ ದಾರಿ ಮಾತ್ರ ಸ್ವಲ್ಪ ಕಾಲ ಹೆಚ್ಚುಕಡಿಮೆ ಬಂದ್. ತೊಡೆಸಂದಿಯಲ್ಲಿ ಕೈಗೆ ಸಿಗುವ ಗಡ್ಡೆಯ ತುಂಬ ಹಾಗೆ ಸಿಕ್ಕಿಕೊಂಡ ಕಣಗಳ ಗುಂಪಿದೆ.