ಅನ್‌ಇನ್‌ಕಾರ್ಪೊರೇಟೆಡ್ ಪ್ರದೇಶ: ಕೌಂಟಿಯ ನಿಯಮವೋ, ನಗರದ ನಿಯಮವೋ?

ಅಮೆರಿಕದಲ್ಲಿ ಯಾವ ನಗರಾಡಳಿತದ ಗಡಿಗೂ ಸೇರದೆ ನೇರವಾಗಿ ಕೌಂಟಿಯ (ನಮ್ಮ ಜಿಲ್ಲೆಯಂಥ ವಿಭಾಗದ) ಆಡಳಿತಕ್ಕೆ ಒಳಪಟ್ಟ ಜಾಗವನ್ನು ಅನ್‌ಇನ್‌ಕಾರ್ಪೊರೇಟೆಡ್ ಪ್ರದೇಶ ಎನ್ನುತ್ತಾರೆ. ನಿವೇಶನದಲ್ಲಿ ಏನು ಕಟ್ಟಬಹುದು, ಎಷ್ಟು ಎತ್ತರಕ್ಕೆ ಕಟ್ಟಬಹುದು, ಪಕ್ಕದ ಜಮೀನಿನಿಂದ ಎಷ್ಟು ಅಂತರ ಬಿಡಬೇಕು, ನಕ್ಷೆಯನ್ನು ಯಾವ ಕಚೇರಿಗೆ ಸಲ್ಲಿಸಬೇಕು ಎಂಬ ಪ್ರಶ್ನೆಗಳಿಗೆಲ್ಲ ಉತ್ತರ ಸಿಗುವುದು ಆ ನಿವೇಶನ ನಗರದ ಗಡಿಯ ಒಳಗಿದೆಯೋ ಹೊರಗಿದೆಯೋ ಎಂಬುದರಿಂದ.

ಜಿಲ್ಲಾಡಳಿತಕ್ಕೆ ನಗರಸಭೆಗಳ ಮೇಲೂ ಒಂದಿಷ್ಟು ಹಿಡಿತವಿರುವುದನ್ನು ಕರ್ನಾಟಕದಲ್ಲಿ ಕಂಡವರು ಕೌಂಟಿಯನ್ನೂ ನಗರದ ಮೇಲಿನ ಅಧಿಕಾರಸ್ಥಾನವೆಂದು ಭಾವಿಸುವುದು ಸಹಜ. ಭೂಬಳಕೆಯ ಮಟ್ಟಿಗೆ ಹಾಗಿಲ್ಲ. ಕ್ಯಾಲಿಫೋರ್ನಿಯಾ ಸಂವಿಧಾನದ 11ನೆಯ ವಿಧಿಯ 7ನೆಯ ಸೆಕ್ಷನ್, ರಾಜ್ಯದ ಸಾಮಾನ್ಯ ಕಾನೂನುಗಳಿಗೆ ವಿರುದ್ಧವಾಗದಂತೆ ತಮ್ಮ ತಮ್ಮ ಎಲ್ಲೆಯೊಳಗೆ ನಿಯಮ ರೂಪಿಸಿ ಜಾರಿಗೊಳಿಸುವ ಅಧಿಕಾರವನ್ನು ಕೌಂಟಿಗೂ ನಗರಕ್ಕೂ ಒಂದೇ ಉಸಿರಿನಲ್ಲಿ ಕೊಡುತ್ತದೆ. ಆದ್ದರಿಂದ ನಗರದ ಎಲ್ಲೆಯೊಳಗೆ ಕೌಂಟಿಯ ಜೋನಿಂಗ್ (ಎಲ್ಲಿ ಏನು ಕಟ್ಟಬಹುದೆಂಬ ನಿಯಮ) ನಡೆಯುವುದಿಲ್ಲ, ಎಲ್ಲೆಯಾಚೆ ನಗರದ್ದು ನಡೆಯುವುದಿಲ್ಲ. ಎರಡರ ಮೇಲೂ ಇರುವುದು ರಾಜ್ಯ.

ಇದರ ಪರಿಣಾಮ 2025ರ ಜನವರಿಯಲ್ಲಿ ಲಾಸ್ ಏಂಜಲೀಸ್ ಕೌಂಟಿಯನ್ನು ಸುಟ್ಟ ಕಾಳ್ಗಿಚ್ಚಿನ ನಂತರ ಕಣ್ಣಿಗೆ ಕಟ್ಟುವಂತೆ ಕಾಣಿಸಿತು. ಪೆಸಿಫಿಕ್ ಪ್ಯಾಲಿಸೇಡ್ಸ್ ಲಾಸ್ ಏಂಜಲೀಸ್ ನಗರದ ಬಡಾವಣೆಯಾದ್ದರಿಂದ ಅಲ್ಲಿ ಮನೆ ಕಳೆದುಕೊಂಡವರು ಮರುನಿರ್ಮಾಣದ ಪರ್ಮಿಟ್‌ಗೆ ನಗರದ ಇಲಾಖೆಗೆ ಹೋಗಬೇಕಾಯಿತು. ಮ್ಯಾಲಿಬು 1991ರಲ್ಲೇ ಪ್ರತ್ಯೇಕ ನಗರವಾದದ್ದರಿಂದ ಅಲ್ಲಿನವರಿಗೆ ಮ್ಯಾಲಿಬುವಿನ ನಿಯಮಗಳು. ಅದೇ ಬೆಂಕಿಗೆ ಸಿಕ್ಕಿದ, ಯಾವ ನಗರಕ್ಕೂ ಸೇರದ ಸನ್‌ಸೆಟ್ ಮೆಸಾದವರಿಗೆ ಕೌಂಟಿಯ ಕಚೇರಿ. ಅದೇ ತಿಂಗಳು ಹೊತ್ತಿದ ಈಟನ್ ಎಂಬ ಇನ್ನೊಂದು ಬೆಂಕಿಗೆ ತುತ್ತಾದ ಆಲ್ಟಡೀನಾ ಸಹ ಅನ್‌ಇನ್‌ಕಾರ್ಪೊರೇಟೆಡ್ ಪ್ರದೇಶವೇ. ಅಲ್ಲಿ ಚುನಾಯಿತ ಟೌನ್ ಕೌನ್ಸಿಲ್ ಇದೆ, ಆದರೆ ಅದು ಸಲಹೆ ಕೊಡಬಲ್ಲದೇ ಹೊರತು ಕಾನೂನು ಮಾಡಲಾರದು. ಸುಮಾರು 42,000 ಜನರ ಆ ಊರಿನ ಜೋನಿಂಗ್ ನಿರ್ಧರಿಸುವವರು ಒಂದು ಕೋಟಿಯಷ್ಟು ಜನರಿರುವ ಕೌಂಟಿಯ ಆಡಳಿತ ಮಂಡಳಿಯ ಐವರು ಸದಸ್ಯರು, ಅಂದರೆ ಸೂಪರ್‌ವೈಸರ್‌ಗಳು. ತಮ್ಮ ಬೀದಿಯಲ್ಲಿ ಎಂಥ ಮನೆಗಳು ಏಳಬೇಕೆಂಬುದರಲ್ಲಿ ಸ್ಥಳೀಯರ ಮಾತಿಗೆ ಇಷ್ಟು ಕಡಿಮೆ ತೂಕವಿರುವುದು ಈ ವ್ಯವಸ್ಥೆಯ ನಿಜವಾದ ಕೊರತೆಯೆಂದು ನನಗೆ ಅನ್ನಿಸುತ್ತದೆ.

ಜೋನಿಂಗ್ ಮತ್ತು ಬಿಲ್ಡಿಂಗ್ ಕೋಡ್ ಬೇರೆ ಬೇರೆ ಎಂಬುದನ್ನೂ ಇಲ್ಲಿ ಹೇಳಬೇಕು. ಒಂದು ಕಡೆ ಮನೆಯೋ ಅಂಗಡಿಯೋ ಎಂದು ತೀರ್ಮಾನಿಸುವುದು ಜೋನಿಂಗ್. ತೊಲೆ, ವೈರಿಂಗ್, ಭೂಕಂಪ ತಾಳುವ ಶಕ್ತಿ ಇವು ಕೋಡ್‌ನ ವಿಷಯ. ಕ್ಯಾಲಿಫೋರ್ನಿಯಾದಲ್ಲಿ ಕೋಡ್‌ನ ಮೂಲಪಠ್ಯ ರಾಜ್ಯದ್ದೇ ಆಗಿರುವುದರಿಂದ ಗಡಿ ದಾಟಿದರೂ ಅದು ಅಷ್ಟಾಗಿ ಬದಲಾಗುವುದಿಲ್ಲ, ತಪಾಸಣೆ ಮಾಡುವವರು ಮಾತ್ರ ಬದಲಾಗುತ್ತಾರೆ. ಅದರಲ್ಲೂ ಒಂದು ತೊಡಕಿದೆ: 1954ರಲ್ಲಿ ನಗರವಾದ ಲೇಕ್‌ವುಡ್, ಲಾಸ್ ಏಂಜಲೀಸ್ ಕೌಂಟಿಯ ಸೇವೆಗಳನ್ನು ಗುತ್ತಿಗೆಯ ಮೇಲೆ ಪಡೆಯುವ ಪದ್ಧತಿಗೆ ನಾಂದಿ ಹಾಡಿದ ಮೇಲೆ, ಹಲವು ಸಣ್ಣ ನಗರಗಳಲ್ಲಿ ಜೋನಿಂಗ್ ನಗರದ್ದಾಗಿದ್ದು ಕಟ್ಟಡ ನೋಡಲು ಬರುವ ಇನ್‌ಸ್ಪೆಕ್ಟರ್ ಕೌಂಟಿಯವನಾಗಿರುತ್ತಾನೆ.

ಅಂಚೆ ವಿಳಾಸವನ್ನು ನಂಬಿ ಗಡಿ ನಿರ್ಧರಿಸಬಾರದು. ಕನ್ನಡಿಗರು ಬಹಳ ಮಂದಿ ನೆಲೆಸಿರುವ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಸ್ಯಾನ್ ಹೋಸೆ ನಗರದ ನಡುನಡುವೆಯೇ ಕೌಂಟಿಗೆ ಸೇರಿದ ತುಂಡು ಜಾಗಗಳಿವೆ. ಅಲ್ಲಿಯ ಮನೆಗಳ ವಿಳಾಸದಲ್ಲಿ ಸ್ಯಾನ್ ಹೋಸೆ ಎಂದಿದ್ದರೂ ಪರ್ಮಿಟ್ ಕೊಡುವುದು ಕೌಂಟಿ. ನಿವೇಶನದ ಗುರುತಿನ ಸಂಖ್ಯೆಯಾದ ಪಾರ್ಸೆಲ್ ಸಂಖ್ಯೆ ಹಿಡಿದು ಕೌಂಟಿಯ ನಕ್ಷೆಯಲ್ಲಿ ನೋಡಿದರೆ ಸಂಶಯ ಉಳಿಯುವುದಿಲ್ಲ.

ಬೇರೆ ರಾಜ್ಯಗಳಿಗೆ ಹೋದರೆ ಲೆಕ್ಕ ಬೇರೆ. ಟೆಕ್ಸಸ್‌ನಲ್ಲಿ ಕೌಂಟಿಗಳಿಗೆ ಸಾಮಾನ್ಯವಾಗಿ ಜೋನಿಂಗ್ ಅಧಿಕಾರವೇ ಇಲ್ಲ. ಬದಲಿಗೆ ನಗರಗಳಿಗೆ ತಮ್ಮ ಗಡಿಯಾಚೆ, ಜನಸಂಖ್ಯೆಗೆ ತಕ್ಕಂತೆ ಅರ್ಧ ಮೈಲಿಯಿಂದ ಐದು ಮೈಲಿಯವರೆಗೆ, ಬಡಾವಣೆ ವಿಂಗಡಣೆಯ ಮೇಲೆ ಹಿಡಿತವಿದೆ. 2023ರ ಕಾನೂನು ಗಡಿಯಾಚೆಯ ಆ ಹಿಡಿತದಿಂದ ತಮ್ಮ ಜಮೀನನ್ನು ಬಿಡಿಸಿಕೊಳ್ಳಲು ಅರ್ಜಿ ಹಾಕುವ ದಾರಿಯನ್ನು ಮಾಲೀಕರಿಗೆ ತೆರೆದಿದೆ.