ಲಂಟಾನ ಮತ್ತೆ ಚಿಗುರುತ್ತಿದೆ, ಡೋಸ್ ಜಾಸ್ತಿ ಮಾಡಲೇ?

ಪ್ರಶ್ನೆ: ತೋಟದ ಬೇಲಿಸಾಲಿನಲ್ಲಿ ಆಳೆತ್ತರ ಲಂಟಾನ ಹಬ್ಬಿದೆ. ಬೇಸಿಗೆಯಲ್ಲಿ ಗ್ಲೈಫೋಸೇಟ್ ಕಳೆನಾಶಕ ಹೊಡೆಸಿದೆ. ಎಲೆ ಒಣಗಿತು, ಆದರೆ ಮಳೆ ಬಿದ್ದಮೇಲೆ ಬುಡದಿಂದ ಮತ್ತೆ ಚಿಗುರಿದೆ. ಈ ಸಲ ಡೋಸ್ ಜಾಸ್ತಿ ಮಾಡಲೇ?

ಉತ್ತರ: ಬೇಡ. ಗ್ಲೈಫೋಸೇಟ್ ಹಸಿರೆಲೆಯಿಂದ ಒಳಹೊಕ್ಕು, ಎಲೆಯ ಆಹಾರ ಬೇರಿಗೆ ಇಳಿಯುವ ದಾರಿಯಲ್ಲೇ ತಾನೂ ಇಳಿಯಬೇಕು. ದ್ರಾವಣ ವಿಪರೀತ ಗಟ್ಟಿಯಾದರೆ ಎಲೆ ಬೇಗ ಸುಟ್ಟುಹೋಗಿ ಆ ದಾರಿಯೇ ಮುಚ್ಚುತ್ತದೆ. ಬೇಸಿಗೆಯಲ್ಲಿ ಬಾಡಿದ ಗಿಡದಲ್ಲಂತೂ ರಸದ ಓಡಾಟವೇ ಕಡಿಮೆ. ಮೇಲಾಗಿ ಆಳೆತ್ತರದ ಪೊದೆಗೆ ಹೊಡೆದರೆ ನೆನೆಯುವುದು ಹೊರಗಿನ ಎಲೆ ಮಾತ್ರ.

ಇನ್ನೊಂದು ವಿಷಯ, ಪಂಪಿಗೆ ತುಂಬಿಸಿದ್ದು ಯಾವ ನೀರು? ಕೆರೆಯ ಕೆಂಪು ರಾಡಿಯಾದರೆ ಔಷಧಿ ಮಣ್ಣಿನ ಕಣಗಳಿಗೆ ಅಂಟಿಕೊಂಡು ಕೆಲಸಕ್ಕೆ ಬಾರದಂತಾಗುತ್ತದೆ. ಗಡಸು ಬೋರ್‌ವೆಲ್ ನೀರಿನ ಕ್ಯಾಲ್ಸಿಯಂ ಕೂಡ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಿಡಿದಿಟ್ಟ ಮಳೆನೀರಿದ್ದರೆ ಅದೇ ಉತ್ತಮ.

ನಾಲ್ಕಾರು ಪೊದೆಗಳಷ್ಟೇ ಇದ್ದರೆ ಔಷಧಿಯ ಗೊಡವೆಯೇ ಬೇಡ. ಕಾಂಡ ಮತ್ತು ಬೇರು ಕೂಡುವ ಗಂಟಿನ ಕೆಳಗೆ ಪಿಕಾಸಿಯಿಂದ ಬೇರು ಕತ್ತರಿಸಿ, ಪೊದೆಯನ್ನು ತಲೆಕೆಳಗಾಗಿ ಮಗುಚಿಡಿ. ಚಿಗುರುವುದು ಆ ಗಂಟೇ. (ಕಡಿದ ಕಡ್ಡಿಯೂ ದಂಡವಲ್ಲ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರಲ್ಲೇ ಕುರ್ಚಿ, ಸೋಫಾ ಮಾಡುತ್ತಾರೆ.)

ಜಾಗ ದೊಡ್ಡದಾದರೆ ಮೊದಲು ಕಡಿಸಿ. ಮಳೆಗೆ ಮೊಣಕಾಲೆತ್ತರ ಚಿಗುರಿ ಎಲೆ ತುಂಬಿದಮೇಲೆ, ಗಾಳಿಯಿಲ್ಲದ ಬೆಳಗ್ಗೆ, ಐದಾರು ಗಂಟೆ ಮಳೆ ಬಾರದೆಂಬ ಭರವಸೆಯಿದ್ದಾಗ ಹೊಡೆಸಿ. ನಾಜಲ್‌ಗೆ ಹುಡ್ (ಹನಿ ಪಕ್ಕಕ್ಕೆ ಹಾರದಂತೆ ತಡೆಯುವ ಮುಚ್ಚಳ) ಇರಲಿ, ಒತ್ತಡ ಕಡಿಮೆಯಿರಲಿ. ಎಳೆ ಅಡಿಕೆ, ಪಪ್ಪಾಯ, ಬಾಳೆ ಪಕ್ಕದಲ್ಲಿದ್ದರೆ ಜೋಪಾನ. ಹಸಿರು ಕಾಂಡಕ್ಕೆ ತಾಗಿದರೂ ಔಷಧಿ ಒಳಹೋಗುತ್ತದೆ. ಪಂಪನ್ನು ಹಳ್ಳದಲ್ಲಿ ತೊಳೆಯಬೇಡಿ.

ಕಾನೂನಿನ ಮಾತೂ ಇದೆ. ಗ್ಲೈಫೋಸೇಟನ್ನು ಪರವಾನಗಿ ಪಡೆದ ಕೀಟ ನಿಯಂತ್ರಣದವರ ಮೂಲಕವೇ ಬಳಸಬೇಕೆಂದು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಅಧಿಸೂಚನೆ ಹೊರಡಿಸಿದೆ. ಹಾಗಾಗಿ ಮೊದಲು ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಡೋಸ್ ಎಷ್ಟೆಂದು ಅಂಗಡಿಯವರನ್ನಲ್ಲ, ಲೇಬಲ್ ನೋಡಿ.

ಬುಡ ಸತ್ತರೂ ಮಣ್ಣಿನಲ್ಲಿರುವ ಬೀಜಕ್ಕೆ ಈ ಔಷಧಿ ತಾಗದು. ಜೊತೆಗೆ ಪಿಕಳಾರ ಹಕ್ಕಿಗಳು ಹಣ್ಣು ತಿಂದು ಹೊಸ ಬೀಜ ಉದುರಿಸುತ್ತಲೇ ಇರುತ್ತವೆ. ಮುಂದಿನ ಮಳೆಗೆ ಏಳುವ ಸಸಿಗಳನ್ನು ನೆಲ ಹಸಿಯಿರುವಾಗಲೇ ಕೈಯಲ್ಲಿ ಕಿತ್ತುಬಿಡಿ.