ಅಂಕಿ ಯಾವ ಊರಿನ ಲೆಕ್ಕಕ್ಕೆ ಬಿತ್ತು?

ಶಿರಸಿ ಮಾರುಕಟ್ಟೆಯಲ್ಲಿ ಅಡಿಕೆ ಟೆಂಡರ್ ಮುಗಿದ ಮೇಲೆ ಪ್ರತಿ ಬಗೆಗೂ ಕನಿಷ್ಠ, ಗರಿಷ್ಠ, ಮಾದರಿ ಎಂದು ಮೂರು ದರ ದಾಖಲಾಗುತ್ತವೆ. ಪಕ್ಕದಲ್ಲೇ ಎಷ್ಟು ಕ್ವಿಂಟಲ್ ಆವಕ ಎಂಬುದೂ ಇರುತ್ತದೆ. ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಜಾಲತಾಣದಲ್ಲಿ ಈ ಪಟ್ಟಿ ಯಾರಿಗಾದರೂ ಸಿಗುತ್ತದೆ. ಉತ್ತರ ಕನ್ನಡದ ಆರ್ಥಿಕತೆಯ ಬಗ್ಗೆ ಬರೆಯಹೊರಟವರು ಇಲ್ಲಿಂದಲೇ ಶುರುಮಾಡುವುದು ಒಳ್ಳೆಯದು. ಘಟ್ಟದ ಮೇಲಿನ ಎಷ್ಟೋ ಮನೆಗಳ ವರ್ಷದ ಖರ್ಚು ನಿಂತಿರುವುದು ಈ ದರದ ಮೇಲೆಯೇ.

ಸುದ್ದಿಯ ತಲೆಬರಹಕ್ಕೆ ಏರುವುದು ಸಾಮಾನ್ಯವಾಗಿ ಗರಿಷ್ಠ ದರ. ಅದು ಒಂದೇ ಒಂದು ಲಾಟಿಗೆ ಸಿಕ್ಕಿದ್ದೂ ಇರಬಹುದು. ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತು ಎಂದು ಹೇಳುವುದು ಮಾದರಿ ದರ. ತಿಂಗಳ ಸರಾಸರಿ ಬೇಕೆಂದರೆ ಪ್ರತಿ ದಿನದ ಮಾದರಿ ದರವನ್ನು ಆ ದಿನದ ಆವಕದಿಂದ ಗುಣಿಸಿ, ಎಲ್ಲ ಕೂಡಿಸಿ, ಒಟ್ಟು ಆವಕದಿಂದ ಭಾಗಿಸಬೇಕು. ಒಂದು ದಿನ ರಾಶಿ ಎಂಬ ಬಗೆಯ ಅಡಿಕೆ 100 ಕ್ವಿಂಟಲ್ ಬಂದು ಕ್ವಿಂಟಲ್‌ಗೆ 45,000 ರೂಪಾಯಿಗೆ, ಮರುದಿನ 20 ಕ್ವಿಂಟಲ್ 48,000ಕ್ಕೆ ಹೋಯಿತು ಎಂದಿಟ್ಟುಕೊಳ್ಳಿ. ಎರಡೂ ದರ ಕೂಡಿಸಿ ಅರ್ಧ ಮಾಡಿದರೆ 46,500 ಬರುತ್ತದೆ. ಆವಕ ಸೇರಿಸಿ ಲೆಕ್ಕ ಹಾಕಿದರೆ 45,500. ಕ್ವಿಂಟಲ್‌ಗೆ ಸಾವಿರ ರೂಪಾಯಿಯಂತೆ ಬೆಳೆಗಾರರ ಕೈಗೆ ಬಾರದ ಹಣ ವರದಿಯಲ್ಲಿ ಬಂದುಬಿಡುತ್ತದೆ! ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಲ್ಲವನ್ನೂ ಬೆರೆಸಿ ‘ಅಡಿಕೆ ದರ’ ಎಂದು ಬರೆಯುವುದು ಇನ್ನೂ ದೊಡ್ಡ ತಪ್ಪು. ಅಗ್ಗದ ಬಗೆ ಒಂದು ತಿಂಗಳು ಹೆಚ್ಚು ಬಂದರೆ ಸಾಕು, ಯಾವ ಬಗೆಯ ದರವೂ ಇಳಿಯದೆ ಸರಾಸರಿ ಕುಸಿಯುತ್ತದೆ.

ಆವಕವನ್ನೇ ಬೆಳೆಯ ಪ್ರಮಾಣ ಎಂದುಕೊಳ್ಳಬಾರದು. ಒಣಗಿದ ಚಾಲಿಯನ್ನು ಚೀಲ ಕಟ್ಟಿ ಇಟ್ಟು, ದರ ಏರಿದಾಗಲೋ ಮನೆಯಲ್ಲಿ ಮದುವೆ ಬಂದಾಗಲೋ ಬಿಡುವವರಿದ್ದಾರೆ. ಮನೆಬಾಗಿಲಲ್ಲೇ ವ್ಯಾಪಾರಿಗೆ ತೂಗಿ ಕೊಟ್ಟ ಅಡಿಕೆ ಈ ಪಟ್ಟಿಗೆ ಬರುವುದಿಲ್ಲ. ಸಿದ್ದಾಪುರದ ತೋಟದ ಅಡಿಕೆ ಶಿರಸಿಯಲ್ಲಿ ಮಾರಿದರೆ ಶಿರಸಿಯ ಲೆಕ್ಕ.

ಜಿಲ್ಲಾ ಉತ್ಪನ್ನದ, ಅಂದರೆ ಜಿಲ್ಲೆಯೊಳಗೆ ವರ್ಷದಲ್ಲಿ ಹುಟ್ಟಿದ ಆದಾಯದ, ಅಂಕಿಯಲ್ಲಿ ಈ ತೊಡಕು ಇನ್ನೂ ಆಳವಾದದ್ದು. ಅದನ್ನು ಅಂದಾಜಿಸುವುದು ರಾಜ್ಯದ ಆರ್ಥಿಕ ಮತ್ತು ಸಾಂಖ್ಯಿಕ ನಿರ್ದೇಶನಾಲಯ. ಆದಾಯ ಎಲ್ಲಿ ಹುಟ್ಟಿತೋ ಆ ಜಿಲ್ಲೆಗೆ ಸೇರಬೇಕು ಎಂಬುದು ಅದರ ಮೂಲ ತತ್ವ. ಕಾರವಾರ ತಾಲ್ಲೂಕಿನ ಕೈಗಾದಲ್ಲಿ 220 ಮೆಗಾವಾಟ್‌ನ ನಾಲ್ಕು ಅಣುವಿದ್ಯುತ್ ಘಟಕಗಳಿವೆ. ಲಾಭ ಯಾರಿಗೇ ಹೋಗಲಿ, ತತ್ವದ ಪ್ರಕಾರ ಆ ಉತ್ಪಾದನೆ ಇಲ್ಲಿಯದೇ. ಇತ್ತ ಕೊಲ್ಲಿ ದೇಶಗಳಲ್ಲಿ ದುಡಿದವರು ಭಟ್ಕಳದ ಮನೆಗಳಿಗೆ ಕಳಿಸುವ ಹಣ ಇದರಲ್ಲಿ ಸೇರದು. ಆ ಹಣ ಪೇಟೆಯಲ್ಲಿ ಖರ್ಚಾದಾಗ ಅಂಗಡಿಯವನ ಗಳಿಕೆಯಷ್ಟೇ ಎಣಿಕೆಗೆ ಬರುತ್ತದೆ. ಹಾಗಾಗಿ ತಲಾ ಉತ್ಪನ್ನ ನೋಡಿ ‘ಜಿಲ್ಲೆಯ ಜನರ ಆದಾಯ ಇಷ್ಟು’ ಎಂದು ಬರೆಯಕೂಡದು. ಭಾಗಿಸುವ ಜನಸಂಖ್ಯೆಯನ್ನೂ ಗಮನಿಸಬೇಕು. 2011ರ ಜನಗಣತಿಯಲ್ಲಿ ಜಿಲ್ಲೆಯ ಜನ 14,37,169. ಅದರ ನಂತರದ ವರ್ಷಗಳದ್ದು ಅಂದಾಜು ಮಾತ್ರ. ರೈಲ್ವೆಯಂಥ ವಲಯಗಳನ್ನು ದೇಶದ ಮಟ್ಟದಲ್ಲಿ ಅಂದಾಜಿಸಿ ರಾಜ್ಯಗಳಿಗೆ, ಅಲ್ಲಿಂದ ಜಿಲ್ಲೆಗಳಿಗೆ ಹಂಚುತ್ತಾರೆ. ಕೊಂಕಣ ರೈಲಿನಿಂದ ಕುಮಟಾಕ್ಕೆ ಎಷ್ಟು ಲಾಭವಾಯಿತು ಎಂಬುದಕ್ಕೆ ಆ ಕೋಷ್ಟಕದಲ್ಲಿ ಉತ್ತರವಿಲ್ಲ.

ಭಟ್ಕಳದ ಹಣದ ಸುಳಿವು ಬೇಕಿದ್ದರೆ ರಿಸರ್ವ್ ಬ್ಯಾಂಕ್ ಮೂರು ತಿಂಗಳಿಗೊಮ್ಮೆ ಕೊಡುವ ಠೇವಣಿ ಮತ್ತು ಸಾಲದ ಅಂಕಿ ನೋಡಬೇಕು. ಆದರೆ ಅದು ವಾಣಿಜ್ಯ ಬ್ಯಾಂಕುಗಳ ಲೆಕ್ಕ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅಡಿಕೆ ಹಣ ಊರಿನ ಸೇವಾ ಸಹಕಾರಿ ಸಂಘದಲ್ಲಿ, ಜಿಲ್ಲೆಯ ಕೇಂದ್ರ ಸಹಕಾರಿ ಬ್ಯಾಂಕಾದ ಕೆಡಿಸಿಸಿಯಲ್ಲಿ ಕೂತಿರುತ್ತದೆ. ಅದನ್ನು ಬಿಟ್ಟು ‘ಘಟ್ಟದ ಮೇಲೆ ಉಳಿತಾಯ ಕಡಿಮೆ’ ಎಂದು ಬರೆದರೆ ಊರಿಗೇ ಅನ್ಯಾಯ. ಸಂಘಗಳು ವಾರ್ಷಿಕ ಮಹಾಸಭೆಗೆ ಅಚ್ಚು ಹಾಕಿಸುವ ವರದಿಯಲ್ಲಿ ಠೇವಣಿ, ಸಾಲ, ಸುಸ್ತಿ (ಗಡುವು ಮೀರಿದ ಬಾಕಿ) ಎಲ್ಲವೂ ಇರುತ್ತದೆ. ಸದಸ್ಯರೊಬ್ಬರಿಂದ ಕೇಳಿ ಪಡೆಯಬಹುದು.

ಮೀನಿನ ಲೆಕ್ಕ ದೋಣಿ ದಡಕ್ಕೆ ಬಂದಲ್ಲಿ ದಾಖಲಾಗುತ್ತದೆ. ಕಾರವಾರದ ಎದುರು ಹಿಡಿದ ಬಂಗುಡೆ ಮಲ್ಪೆಯಲ್ಲಿ ಇಳಿದರೆ ಉಡುಪಿಯ ಪಾಲು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧವಿರುವುದರಿಂದ ಸೆಪ್ಟೆಂಬರನ್ನು ಹಿಂದಿನ ವರ್ಷದ ಸೆಪ್ಟೆಂಬರಿನೊಂದಿಗೇ ಹೋಲಿಸಬೇಕು. ಟನ್ ಜೊತೆಗೆ ಜಾತಿಯನ್ನೂ ಕೇಳಿ. ಮೀನುಹಿಟ್ಟಿನ ಕಾರ್ಖಾನೆಗೆ ಹೋಗುವ ತಾರ್ಲೆ (ಬೂತಾಯಿ) ರಾಶಿ ಬಿದ್ದು, ಸಿಗಡಿ ಕಡಿಮೆಯಾದ ವರ್ಷ ಟನ್ ಏರಿ ದೋಣಿಯವರ ಗಳಿಕೆ ಇಳಿದಿರಬಹುದು. ಮೌಲ್ಯದ ಕಾಲಂ ಇದ್ದರೆ ಮೊದಲು ಅದನ್ನೇ ಓದಿ.